ಹರಳಿನ ಹಣೆಬರಹ ಅರಗಿನ ಕೋಲಿನ ತುದಿಗೆ

ಅಕ್ಕಲಕೋಟ: ಲಗ್ನದ ಹಂಗಾಮು ಬಂತೆಂದರೆ ಗಡಿಭಾಗದ ಮನೆಗಳಲ್ಲಿ ಟ್ರಂಕಿನ ತಳದ ಗಂಟುಗಳು ಹೊರಗೆ ಬರುತ್ತವೆ. ಆಯಿಯ ಬೋರಮಾಳ, ಅತ್ತೆಯ ಮುತ್ತಿನ ನತ್ತು, ಅವ್ವನ ಹರಳಿನ ಉಂಗುರ. ದುಧನಿ, ಮೈಂದರ್ಗಿಯಿಂದ, ಗಡಿ ಆಚೆಯ ಅಫಜಲಪುರದಿಂದ ಜನ ಬಂದು 'ಒಂದೀಟು ಪಾಲಿಶ್ ಮಾಡಿಕೊಡ್ರಿ' ಎಂದು ಪತ್ತಾರರ ಮುಂದೆ ಅವನ್ನು ಇಡುತ್ತಾರೆ. ಬಂಗಾರ ಗುಂಜಿ ಕಡಿಮೆಯಾದರೂ ಜಗಳಕ್ಕೆ ನಿಲ್ಲುವ ನಾವು ಹರಳಿನ ಬಗ್ಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಹೀಗೆ ಕೇಳದೆ ಕೊಟ್ಟು ಪಶ್ಚಾತ್ತಾಪ ಪಟ್ಟವರಲ್ಲಿ ಈ ವರದಿಗಾರನ ಮನೆಯವರೂ ಸೇರಿದ್ದಾರೆ. ತಂಗಿಯ ಲಗ್ನದ ಮುಂಚೆ ಅವ್ವನ ಪಚ್ಚೆಯ ಉಂಗುರವನ್ನು ಅಂಗಡಿಯೊಂದಕ್ಕೆ ಕೊಟ್ಟಿದ್ದೆವು. ವರ್ಷಾನುಗಟ್ಟಲೆ ಬಳಸಿ ಹರಳಿನ ಮೇಲೆ ಗೀರು ಬಿದ್ದು ಮಬ್ಬಾಗಿತ್ತು. ಎಂಟು ದಿನಕ್ಕೆ ಉಂಗುರ ಬಂತು. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಹರಳಿನ ಒಳಗೆ ಕೂದಲೆಳೆಯಂಥ ಬಿಳಿ ಗೆರೆಗಳು! 'ಇವು ಮೊದಲಿಂದ ಇದ್ದವು' ಎಂದರು ಅಂಗಡಿಯವರು. 'ನಲವತ್ತು ವರ್ಷ ಕೈಯಾಗ ಹಾಕೀನಿ, ಇದ್ದಿಲ್ಲ' ಎಂದಳು ಅವ್ವ.

ಯಾರ ಮಾತು ಖರೆ? ಉಂಗುರ ಹಿಡಿದು ಹೋದದ್ದು ಇದೇ ಊರಿನ ಹಿರಿಯರೊಬ್ಬರ ಬಳಿಗೆ. ಮುಂಬೈಯಲ್ಲಿ ಜೈಪುರದ ಉಸ್ತಾದರ ಕೈಕೆಳಗೆ ಹರಳು ಕೊರೆಯುವ ಕೆಲಸ ಕಲಿತು, ಬಹಳ ವರ್ಷ ದುಡಿದು ಊರಿಗೆ ಮರಳಿದವರು. 'ಹೆಸರು ಬ್ಯಾಡ್ರಿ, ಕೆಲಸದ ಬಗ್ಗೆ ಬರೀರಿ' ಎಂದರು. ಇಲ್ಲಿಯ ರೂಢಿಯಂತೆ ಕಾಕಾ ಎಂದೇ ಕರೆಯೋಣ.

ಹರಳು ಕೋಲಿಗೆ ಹತ್ತುವುದು ಹೀಗೆ

ಜೋಳದ ಕಾಳಿನಷ್ಟು ಹರಳನ್ನು ಬರಿ ಬೆರಳಲ್ಲಿ ಹಿಡಿದು ಸಾಣೆಗೆ ಒತ್ತಲು ಬರುವುದಿಲ್ಲ. ಬೆರಳು ಜಾರುತ್ತದೆ, ಉಗುರು ಸವೆಯುತ್ತದೆ, ಕೋನ ನಿಲ್ಲುವುದಿಲ್ಲ. ಅದಕ್ಕೇ ಪೆನ್ಸಿಲ್‌ ಗಾತ್ರದ ಕೋಲು ಬೇಕು. ಕೋಲಿನ ತುದಿಗೆ ಅರಗು, ಅರಗಿನ ಮೇಲೆ ಹರಳು. ಮರಾಠಿಯಲ್ಲಿ ಲಾಖ ಎನ್ನುವುದೂ ಇದನ್ನೇ. ಮುತ್ತುಗ, ಬೋರೆ, ಕುಸುಮ ಗಿಡಗಳ ಟೊಂಗೆಯ ಮೇಲೆ ಸಣ್ಣ ಹುಳ ಕಟ್ಟುವ ಅಂಟು ಇದು. ಪಾಂಡವರನ್ನು ಸುಡಲು ಕಟ್ಟಿದ್ದು ಇದರ ಮನೆ. ನಮ್ಮ ಆಯಿಯರ ಬೋರಮಾಳದ ಪೊಳ್ಳು ಗುಂಡಿನೊಳಗೆ ತುಂಬಿರುವುದೂ ಇದೇ.

ಕಾಕಾ ಒಂದು ಅಕೀಕ ಕಲ್ಲು ತೆಗೆದು ಮಾಡಿ ತೋರಿಸಿದರು. ಮೊದಲು ಕಲ್ಲನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಬೆರಳಿನ ಜಿಡ್ಡು ಉಳಿದರೂ ಅರಗು ಹಿಡಿಯುವುದಿಲ್ಲ. ದೀಪದ ಉರಿಗೆ ಅರಗು ಹಿಡಿದು, ಮೆತ್ತಗಾದ ಮೇಲೆ ಕೋಲಿನ ತುದಿಗೆ ಉಂಡೆ ಕಟ್ಟಿದರು. ಅರಗು ಕರಗುವುದು ಸುಮಾರು 75ರಿಂದ 80 ಡಿಗ್ರಿಯಲ್ಲಿ. ಉರಿಯ ಒಳಗೇ ಇಟ್ಟರೆ ಸುಟ್ಟು ಗುಳ್ಳೆ ಏಳುತ್ತದೆ, ಹಿಡಿತ ಹೋಗುತ್ತದೆ. ಆಮೇಲೆ ಕಲ್ಲನ್ನು ತಗಡಿನ ಮೇಲಿಟ್ಟು, ಉರಿಯಿಂದ ದೂರ, ನಿಧಾನಕ್ಕೆ ಬೆಚ್ಚಗೆ ಮಾಡಿದರು.

'ಎಲ್ಲಾರೂ ಅರಗು ಕಾಸ್ತಾರ, ಹರಳು ಕಾಸೂದು ಮರೀತಾರ. ತಣ್ಣನ ಹರಳಿಗಿ ಬಿಸಿ ಅರಗು ಹತ್ತಿದಂಗ ಕಾಣತೈತಿ, ಹತ್ತಿರಂಗಿಲ್ಲ. ಸಾಣಿ ಮ್ಯಾಲ ಇಟ್ಟಕೂಡ್ಲೆ ಹಾರಿ ಹೋಗತೈತಿ' ಎಂದರು.

ಅರಗು ಮತ್ತು ಹರಳು ಎರಡೂ ಹದಕ್ಕೆ ಬಂದಾಗ ಒತ್ತಿ ಕೂರಿಸಿ, ಒದ್ದೆ ಬೆರಳಿನಿಂದ ಸುತ್ತಲಿನ ಅರಗನ್ನು ಗೋಪುರದಂತೆ ಸವರಿದರು. ಕೋಲನ್ನು ಕಣ್ಣ ಮಟ್ಟಕ್ಕೆ ಹಿಡಿದು ತಿರುಗಿಸಿ ನೋಡಿದರು. ಹರಳು ನೆಟ್ಟಗೆ, ನಡುಮಧ್ಯಕ್ಕೆ ಕೂತಿರಬೇಕು. ಕೂದಲಷ್ಟು ವಾಲಿದ್ದರೂ ಆಮೇಲೆ ಕೊರೆಯುವ ಪೈಲುಗಳೆಲ್ಲ ವಾಲುತ್ತವೆ. ಒಂದು ಮಗ್ಗುಲು ಮುಗಿದ ಮೇಲೆ ಹರಳನ್ನು ಬಿಡಿಸಿ, ಬೋರಲು ಮಾಡಿ ಇನ್ನೊಂದು ಕೋಲಿಗೆ ಕೂರಿಸಬೇಕು. ಮೇಲಿನ ಪೈಲು, ಕೆಳಗಿನ ಪೈಲು ನಡುವಿನ ಅಂಚಿನಲ್ಲಿ ಒಂದಕ್ಕೊಂದು ಕೂಡುವುದು, ಕೂಡದಿರುವುದು ಈ ಬದಲಾವಣೆಯಲ್ಲೇ ನಿರ್ಧಾರವಾಗುತ್ತದೆ.

ಜೈಪುರದ ಹಳೆಯ ಸಾಣೆ ಕೂಡ ಅರಗಿನದೇ. ಕುರುಂದ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡುತ್ತಿದ್ದರು, ಬಿಲ್ಲಿನ ಹಗ್ಗದಿಂದ ಅದನ್ನು ತಿರುಗಿಸುತ್ತಿದ್ದರು. ಈಗ ಮೋಟಾರು ಬಂದಿದೆ, ವಜ್ರದ ಪುಡಿಯ ತಟ್ಟೆ ಬಂದಿದೆ. ಕೋನ ಅಳೆಯುವ ಯಂತ್ರಗಳಲ್ಲಿ ಮರದ ಕೋಲಿನ ಜಾಗಕ್ಕೆ ಹಿತ್ತಾಳೆಯ ಕಡ್ಡಿ ಬಂದಿದೆ. ಆದರೆ ಅಂಟಿಸುವ ಕೆಲಸ ತಪ್ಪಿಲ್ಲ.

ಸಾಣೆಯ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರಬೇಕು. ನೀರಿಲ್ಲದಿದ್ದರೆ ತಿಕ್ಕಾಟದ ಬಿಸಿಗೆ ಅರಗು ಮೆತ್ತಗಾಗಿ ಹರಳು ಕದಲುತ್ತದೆ. ಇನ್ನೊಂದು ಕಾರಣ ಇನ್ನೂ ದೊಡ್ಡದು. ಗುಜರಾತಿನ ಖಂಭಾತದಲ್ಲಿ ಅಕೀಕವನ್ನು ಒಣ ಸಾಣೆಗೆ ಹಿಡಿದ ಕಾರ್ಮಿಕರು ಆ ಧೂಳು ಕುಡಿದು ಸಿಲಿಕೋಸಿಸ್ ಎಂಬ ಪುಪ್ಪುಸದ ರೋಗಕ್ಕೆ ತುತ್ತಾಗಿದ್ದಾರೆ. ಹೋದ ಉಸಿರು ಯಾವ ಔಷಧದಿಂದಲೂ ತಿರುಗಿ ಬರುವುದಿಲ್ಲ.

ಇಬ್ಬರ ಮಾತೂ ಖರೆ

ಭಿಂಗ ಹಚ್ಚಿ ಅವ್ವನ ಪಚ್ಚೆ ನೋಡಿದ ಕಾಕಾ ನಕ್ಕರು. 'ಅಂಗಡ್ಯಾವ್ರು ಹೇಳಿದ್ದೂ ಖರೆ, ನಿಮ್ಮವ್ವ ಹೇಳಿದ್ದೂ ಖರೆ.'

ಪಚ್ಚೆ ಭೂಮಿಯಿಂದ ಬರುವಾಗಲೇ ಬಿರುಕುಗಳನ್ನು ಹೊತ್ತು ಬರುತ್ತದೆ. ಬಿರುಕಿಲ್ಲದ ಪಚ್ಚೆ ಅಪರೂಪ. ಅದಕ್ಕೇ ಕೊರೆದ ಮೇಲೆ ಅದಕ್ಕೆ ಎಣ್ಣೆ ಕುಡಿಸುವುದು ಹಳೆಯ ವಾಡಿಕೆ. ಸಿಡಾರ್ ಮರದ ಎಣ್ಣೆ ಬಿರುಕಿನೊಳಗೆ ಇಳಿದರೆ ಗೆರೆ ಕಣ್ಣಿಗೆ ಕಾಣುವುದಿಲ್ಲ. ಇದು ಮೋಸವಲ್ಲ, ಹೇಳಿ ಮಾರಿದರೆ. ಅವ್ವನ ಹರಳನ್ನು ಉಂಗುರದಿಂದ ಬಿಡಿಸಿ, ಗಡಬಡಿಯಲ್ಲಿ ಜೋರಾಗಿ ಕಾಸಿ ಕೋಲಿಗೆ ಹಚ್ಚಿದ್ದಾರೆ. ಬಿಸಿಗೆ ಎಣ್ಣೆ ಹೊರಬಿತ್ತು, ಒಳಗಿದ್ದ ಗೆರೆ ಬೆಳಕಿಗೆ ಬಂತು. ಒಂದು ಗೆರೆ ಮಾತ್ರ ಹೊಸದು. ಹರಳು ಬಿಸಿ ಇರುವಾಗಲೇ ತಣ್ಣೀರು ತಾಗಿರಬೇಕು ಎಂಬುದು ಕಾಕಾ ಅವರ ಅಂದಾಜು.

ಎಲ್ಲ ಹರಳಿಗೂ ಒಂದೇ ಉರಿ ನಡೆಯುವುದಿಲ್ಲ. ಮಾಣಿಕ, ನೀಲ ಗಟ್ಟಿ ಜಾತಿ, ಅರಗಿನ ಬಿಸಿ ತಡೆಯುತ್ತವೆ. ಆದರೆ ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕಗಳೂ ಪೇಟೆಯಲ್ಲಿವೆ. ಬೆಸುಗೆಯ ಉರಿ ತಾಗಿದರೆ ಆ ಗಾಜು ಕೆಡುತ್ತದೆ. ಓಪಲ್ ಕಲ್ಲಿನೊಳಗೆ ನೀರಿನ ಅಂಶವಿದೆ, ಒಮ್ಮೆಲೇ ಕಾಯಿಸಿದರೆ ಸೀಳುತ್ತದೆ. ಫಿರೋಜಾ ಬಣ್ಣ ಕೆಡುತ್ತದೆ. ಇಂಥವನ್ನು ಕಾಸದೆ, ಫೆವಿಕ್ವಿಕ್ ಜಾತಿಯ ಅಂಟಿನಿಂದ ತಣ್ಣಗೇ ಕೋಲಿಗೆ ಹಚ್ಚಿ, ಕೆಲಸ ಮುಗಿದ ಮೇಲೆ ಅಸಿಟೋನಿನಲ್ಲಿ ನೆನೆಸಿ ಬಿಡಿಸುತ್ತಾರೆ. ಪಚ್ಚೆಗೂ ಹಾಗೆ ಮಾಡಬಹುದು. ಆದರೆ ಅಸಿಟೋನೂ ಎಣ್ಣೆಯನ್ನು ತೊಳೆಯುತ್ತದೆ, ಆದ್ದರಿಂದ ಕೊನೆಗೆ ಮತ್ತೆ ಎಣ್ಣೆ ಕುಡಿಸಲೇಬೇಕು. ಸಮಯ ಹಿಡಿಯುವ ಕೆಲಸ, ಮಜೂರಿಯೂ ಹೆಚ್ಚು. ಗಿರಾಕಿ ಕೇಳದಿದ್ದರೆ ಯಾರು ಮಾಡುತ್ತಾರೆ?

ಕೊಡುವ ಮುಂಚೆ ಕೇಳಿರಿ

ಹರಳು ಕೊಡುವ ಮುಂಚೆ ಬಿಸಿಲ ಬೆಳಕಿನಲ್ಲಿ ಮೊಬೈಲಿನಿಂದ ಹಿಂದೆ ಮುಂದೆ ಫೋಟೋ ತೆಗೆದಿಡಿ. ಉಂಗುರದಿಂದ ಬಿಡಿಸಿದರೆ ನಿಮ್ಮ ಎದುರಿಗೇ ತೂಗಿಸಿ, ಚೀಟಿಯ ಮೇಲೆ ಕ್ಯಾರೆಟ್ ಬರೆಸಿಕೊಳ್ಳಿ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಗೀರು ತೆಗೆಯಲು ಸಾಣೆ ಹಿಡಿದರೆ ತೂಕ ಸ್ವಲ್ಪ ಇಳಿಯುವುದು ಸಹಜ, ಎಷ್ಟು ಇಳಿಯಬಹುದು ಎಂದು ಮೊದಲೇ ಕೇಳಿ. 'ಕಾಸಿ ಹಚ್ಚತೀರೋ, ತಣ್ಣಗ ಹಚ್ಚತೀರೋ' ಎಂಬ ಪ್ರಶ್ನೆ ಬಿಡಬೇಡಿ. ಪಚ್ಚೆಯನ್ನು ಬಿಸಿ ಸಾಬೂನು ನೀರಿಗೂ, ಅಂಗಡಿಯ ಅಲ್ಟ್ರಾಸೋನಿಕ್ ತೊಳೆಯುವ ಯಂತ್ರಕ್ಕೂ ಹಾಕಲು ಬಿಡಬೇಡಿ. ಅಲ್ಲಿಯೂ ಎಣ್ಣೆ ಹೋಗುತ್ತದೆ.

ಕಾಕಾ ಅವ್ವನ ಪಚ್ಚೆಯನ್ನು ಶುಚಿ ಮಾಡಿ ಮೂರು ದಿನ ಎಣ್ಣೆಯಲ್ಲಿಟ್ಟರು. ಹಳೆಯ ಗೆರೆಗಳು ಮರೆಯಾದವು, ಹೊಸದು ಹಾಗೇ ಉಳಿಯಿತು. 'ಅದು ಹೋಗಂಗಿಲ್ರಿ' ಎಂದು ನೇರವಾಗಿ ಹೇಳಿ, ಎಣ್ಣೆಯ ರೊಕ್ಕ ಅಷ್ಟೇ ತೆಗೆದುಕೊಂಡರು. ಅವರ ಮಗ ಪುಣೆಯಲ್ಲಿ ಕಂಪನಿ ಕೆಲಸಕ್ಕಿದ್ದಾನೆ. ಕೋಲುಗಳ ಡಬ್ಬಿ ಮುಂದೆ ಯಾರ ಕೈಗೆ ಎಂದು ಕೇಳಿದರೆ, ಕಾಕಾ ದೀಪ ಆರಿಸಿ ಡಬ್ಬಿಯ ಮುಚ್ಚಳ ಹಾಕಿದರು.

ತಂಗಿಯ ಲಗ್ನದಲ್ಲಿ ಅವ್ವ ಅದೇ ಉಂಗುರ ಹಾಕಿಕೊಂಡಿದ್ದಳು. ಯಾರೂ ಗೆರೆ ನೋಡಲಿಲ್ಲ. ಅವ್ವ ಮಾತ್ರ ಇವತ್ತಿಗೂ ಬಿಸಿಲಿಗೆ ಹಿಡಿದು ನೋಡುತ್ತಾಳೆ.