ಮೊದಲ ದೃಶ್ಯ: ಯಾರಿಗೆ ಎಷ್ಟು ಗೊತ್ತು?

2024ರ ಅಕ್ಟೋಬರ್ 28, ಸೋಮವಾರ. ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಳವಾದದ್ದು ಅಂದು ಬೆಳಕಿಗೆ ಬಂತು. ಕಿಟಕಿಯ ಸರಳು ಕತ್ತರಿಸಿ ಒಳನುಗ್ಗಿದವರು ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನ ಹೊತ್ತೊಯ್ದಿದ್ದರು. ಸಿಸಿಟಿವಿಯ ಡಿವಿಆರ್ ಕೂಡ ಮಾಯವಾಗಿತ್ತು. ಒಳಗೆಲ್ಲ ಖಾರದ ಪುಡಿ ಎರಚಿದ್ದರು. 2025ರ ಮಾರ್ಚ್ ಕೊನೆಗೆ ಪೊಲೀಸರು ಆರೋಪಿಗಳ ಬಂಧನವನ್ನು ಪ್ರಕಟಿಸಿದರು. ಚಿನ್ನ ಸಿಕ್ಕಿದ್ದು ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಂದರಲ್ಲಿ. ಆರೋಪಿಗಳು ‘ಮನಿ ಹೈಸ್ಟ್’ ಎಂಬ ಸ್ಪ್ಯಾನಿಷ್ ಸರಣಿಯಿಂದ ಪ್ರೇರಣೆ ಪಡೆದಿದ್ದರೆಂದೂ ಪೊಲೀಸರು ಹೇಳಿದರು.

ಇದನ್ನೇ ಥ್ರಿಲ್ಲರ್ ಮಾಡಲು ಹೊರಟರೆ ಮೊದಲ ದೃಶ್ಯ ಯಾವುದು? ಉತ್ತರ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಯಾರಿಗೆ ಎಷ್ಟು ಗೊತ್ತಿರಬೇಕು?

ಒಗಟು

ಸೋಮವಾರ ಬೆಳಿಗ್ಗೆ ಬೀಗ ತೆಗೆಯುವ ಸಿಬ್ಬಂದಿಯ ಬೆನ್ನ ಹಿಂದೆ ಕ್ಯಾಮೆರಾ ಇಟ್ಟರೆ, ಅವರಿಗೆ ಕಂಡಷ್ಟೇ ನಮಗೂ ಕಾಣುತ್ತದೆ. ನೆಲದ ಕೆಂಪು ಪುಡಿಯ ಮೇಲೆ ಒಂದು ಕ್ಲೋಸಪ್ ಸಾಕು, ‘ಏನಾಯಿತು?’ ಎಂಬ ಪ್ರಶ್ನೆ ಹುಟ್ಟುತ್ತದೆ. ಹೇಮಂತ್ ರಾವ್ ಅವರ ‘ಕವಲುದಾರಿ’ಯನ್ನು (2019) ನಡೆಸುವುದೂ ಇಂಥದೇ ಪ್ರಶ್ನೆ: ಮೆಟ್ರೊ ಕಾಮಗಾರಿಗೆ ಅಗೆದ ನೆಲದಲ್ಲಿ ಸಿಕ್ಕ ಮೂಳೆಗಳು ಯಾರವು?

ಕಾತರ

ಕ್ಯಾಮೆರಾ ಕಳ್ಳರ ಜೊತೆ ರಾತ್ರಿಯೇ ಒಳಹೊಕ್ಕರೆ ಊರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಹೊರಗೆ ಬೀಟ್ ಪೊಲೀಸರ ಬೈಕಿನ ಸದ್ದು ಕೇಳಿದರೆ ಉಸಿರು ಬಿಗಿಹಿಡಿಯುವವರು ನಾವೇ. ತಪ್ಪೆಂದು ಗೊತ್ತಿದ್ದೂ ಒಂದು ಕ್ಷಣ ಕಳ್ಳರ ಪಕ್ಷ ವಹಿಸಿಬಿಡುತ್ತೇವೆ. ಕ್ಯಾಮೆರಾ ಎಲ್ಲಿ ನಿಂತಿತೋ ಮನಸ್ಸೂ ಅಲ್ಲೇ.

ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ (1958) ಇದಕ್ಕೆ ಮಾದರಿ. ಒಂದು ಕೈ ಬಾಂಬಿಗೆ ಸಮಯ ಹೊಂದಿಸಿ ಕಾರಿನ ಡಿಕ್ಕಿಯಲ್ಲಿಡುತ್ತದೆ. ಏನೂ ಅರಿಯದ ಇಬ್ಬರು ಕಾರು ಹತ್ತುತ್ತಾರೆ. ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೇ ಶಾಟ್. ಕ್ರೇನ್ ಮೇಲಿನ ಕ್ಯಾಮೆರಾ ಕಾರನ್ನು ಬಿಟ್ಟು ಹಿಡಿಯುತ್ತ ಗಡಿ ಊರಿನ ಬೀದಿಯಲ್ಲಿ ಸಾಗುತ್ತದೆ. ನಡುವೆ ಕತ್ತರಿ ಬೀಳದ್ದರಿಂದ ಪರದೆಯ ಸಮಯ ಮತ್ತು ಬಾಂಬಿನ ಸಮಯ ಒಂದೇ ಆಗುತ್ತದೆ. ಸ್ಫೋಟದವರೆಗೂ ಪ್ರೇಕ್ಷಕನಿಗೆ ಬಿಡುಗಡೆಯಿಲ್ಲ.

ಸದ್ದು ಬದಲಾದರೆ ಇದೇ ದೃಶ್ಯದ ಅರ್ಥವೂ ಬದಲಾಗುತ್ತದೆ. ಮೊದಲು ಬಿಡುಗಡೆಯಾದಾಗ ಅದರ ಮೇಲೆ ಚಿತ್ರತಂಡದ ಹೆಸರುಗಳೂ ಹೆನ್ರಿ ಮ್ಯಾನ್ಸಿನಿ ಅವರ ಸಂಗೀತವೂ ಇದ್ದವು. ವೆಲ್ಸ್ ಬರೆದಿಟ್ಟ ಟಿಪ್ಪಣಿಯ ಆಧಾರದಲ್ಲಿ ವಾಲ್ಟರ್ ಮರ್ಚ್ 1998ರಲ್ಲಿ ಮರುಸಂಕಲನ ಮಾಡಿದಾಗ ಎರಡೂ ಹೋದವು. ಬೀದಿಯ ಹಾಡುಗಳು, ಕಾರಿನ ರೇಡಿಯೊ ಉಳಿದವು. ಸಂಗೀತ ‘ಹೆದರು’ ಎನ್ನುತ್ತಿದ್ದ ಕಡೆ ಈಗ ಮಾಮೂಲಿ ರಾತ್ರಿಯೊಂದರ ಗದ್ದಲ. ಕಾರು ಎಲ್ಲಿದೆಯೆಂದು ಆ ರೇಡಿಯೊದಿಂದಲೇ ತಿಳಿಯಬೇಕು.

ಮರೆ

ಮೂರನೆಯ ದಾರಿ ಬಾವಿಯಿಂದ ಶುರುವಾಗುತ್ತದೆ. ಹೊಲ, ಬಾವಿ, ಅಲುಗದ ನೀರು. ವಿವರಣೆಯಿಲ್ಲದೆ ಕ್ಯಾಮೆರಾ ಅಲ್ಲೇ ತುಸು ಹೆಚ್ಚು ನಿಂತರೆ, ನೀರಿನಲ್ಲಿ ಏನೋ ಇದೆಯೆಂದು ನಾವೇ ಊಹಿಸುತ್ತೇವೆ. ‘ಜಾಸ್’ (1975) ಹೀಗೆಯೇ ಆರಂಭವಾಗುತ್ತದೆ: ನೀರಿನಡಿ ಚಲಿಸುವ ಕ್ಯಾಮೆರಾ, ಜಾನ್ ವಿಲಿಯಮ್ಸ್ ಅವರ ಎರಡು ಸ್ವರ. ಮೊದಲ ಬಲಿ ಬಿದ್ದಾಗಲೂ ಶಾರ್ಕ್ ಕಾಣುವುದಿಲ್ಲ.

ನೆಲವೂ ಮಾತಾಡುತ್ತದೆ

ಅದೇ ಜಿಲ್ಲೆಯ ಜಗಳೂರಿನ ಬಯಲಿನಲ್ಲಿ ಒಂಟಿ ಬೈಕ್ ದೂರದಿಂದಲೇ ಕಾಣುತ್ತದೆ. ಅಲ್ಲಿನ ಭಯ, ಅಡಗಲು ಜಾಗವಿಲ್ಲದ್ದು. ಚನ್ನಗಿರಿಯ ಅಡಿಕೆ ತೋಟದಲ್ಲಿ ಮರಗಳ ಸಾಲು ನೋಟವನ್ನು ತುಂಡರಿಸುತ್ತದೆ. ಅಲ್ಲಿನ ಭಯ, ಯಾರಾದರೂ ಅಡಗಿರಬಹುದೆಂಬುದು. ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟುವವನಿಗೆ ಪಕ್ಕಕ್ಕೆ ಸರಿಯುವ ದಾರಿಯೇ ಇಲ್ಲ. ಒಬ್ಬನೇ ನಟ, ಒಂದೇ ಬೈಕ್, ಮೂರು ಅರ್ಥ.

ಇಷ್ಟವಾದ ಥ್ರಿಲ್ಲರಿನ ಮೊದಲ ಐದು ನಿಮಿಷವನ್ನು ಒಮ್ಮೆ ಸದ್ದು ಆರಿಸಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ನಿಮಗೆ ಗೊತ್ತಾದದ್ದರಲ್ಲಿ ಚಿತ್ರ ಹೇಳಿದ್ದೆಷ್ಟು, ಸದ್ದು ಹೇಳಿದ್ದೆಷ್ಟು, ಮಾತು ಹೇಳಿದ್ದೆಷ್ಟು ಎಂದು ಬರೆದುಕೊಳ್ಳಿ. ಒಳ್ಳೆಯ ಆರಂಭಗಳಲ್ಲಿ ಮಾತಿನ ಪಾಲು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.