ಡೈರಿಯಲ್ಲಿ ಮನೆಗೆ ಹೋಗುವ ಮಾತು
ಎಡಿಎಚ್‌ಡಿಗೆ ಪೋಷಕರು ಬೆಳೆಸಿದ ರೀತಿ ಕಾರಣವಲ್ಲ. ಅದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅನುವಂಶೀಯತೆಯ ಪಾತ್ರವೂ ದೊಡ್ಡದು. ಆದರೆ ಪೋಷಕರ ಒತ್ತಡ ಮಗುವಿನ ನೆಮ್ಮದಿಯನ್ನು ತಟ್ಟುತ್ತದೆ. ದಣಿದ ತಾಯಿ ಇಂದು ಗದರಿದ ತಪ್ಪಿಗೆ ನಾಳೆ ಸುಮ್ಮನಾಗುತ್ತಾರೆ. ನಿಯಮ ಯಾವುದೆಂದು ತಿಳಿಯದೆ ಮಗುವಿನ ಚಡಪಡಿಕೆ, ಹಟ ಹೆಚ್ಚುತ್ತವೆ. ಒತ್ತಡ ಮತ್ತೆ ಏರುತ್ತದೆ.

ಶಾಲೆಯೂ ಇದನ್ನು ಹೆಚ್ಚಿಸಬಲ್ಲದು. ಬೋಧನಾಭ್ಯಾಸದ ವೇಳೆ 6ನೇ ತರಗತಿಯ ಇಂಥ ಹುಡುಗನೊಬ್ಬನ ಡೈರಿ ನೋಡಿದೆ, ತುಂಬ ದೂರುಗಳೇ. “ಡೈರಿ ತೆಗೆಯೋಕೇ ಭಯ ಆಗುತ್ತೆ ಮೇಡಂ” ಎಂದರು ಅವನ ತಾಯಿ.

ಬದಲಿಗೆ ದಿನವರದಿ ಚೀಟಿ ಕಳಿಸಬಹುದು. ‘ಕೈ ಎತ್ತಿ ಮಾತಾಡಿದ’, ‘ಮೂರು ಲೆಕ್ಕ ಮುಗಿಸಿದ’ ಎಂಬಂಥ 2-3 ಗುರಿ ಸಾಕು. ಪ್ರತಿ ಅವಧಿಯ ಕೊನೆಗೆ ಗುರುತು ಹಾಕಿ ಮಗುವಿಗೆ ತೋರಿಸಬೇಕು. ಮನೆಯಲ್ಲಿ ಅದಕ್ಕೆ 10 ನಿಮಿಷ ಹೆಚ್ಚು ಆಟದಂಥ ಸಣ್ಣ ಬಹುಮಾನವಿರಲಿ. ಆಗ ಸಂಜೆ ಅಮ್ಮ, ಮಗನ ಮಾತು ಅವನು ಮಾಡಿದ ಕೆಲಸದಿಂದ ಶುರುವಾಗುತ್ತದೆ.