ಎರಡು ಕ್ವಿಂಟಲ್ ತಾಯಿಮೀನು, ಹದಿಮೂರು ಸಾವಿರ ಹೆಕ್ಟೇರ್ ನೀರು

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಬಳಸಿ ಕಿತ್ತೂರು ಸೀಮೆ ದಾಟುತ್ತದೆ. ರಾಯಣ್ಣನ ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು ಬೈಲಹೊಂಗಲ ತಾಲ್ಲೂಕನ್ನು ಹಾಯುತ್ತದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥಕ್ಕೆ ಬಂದಾಗ ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಅಣೆಕಟ್ಟು ಅದನ್ನು ನಿಲ್ಲಿಸುತ್ತದೆ. ಗೋಡೆಯ ಉದ್ದ ಬರೀ 154 ಮೀಟರ್, ಎತ್ತರ 40 ಮೀಟರ್. ಅಷ್ಟು ಚಿಕ್ಕ ಗೋಡೆಯ ಬೆನ್ನಿಗೆ ತುಂಬಿದ ದಿನ ಸುಮಾರು 13,000 ಹೆಕ್ಟೇರ್ ನೀರು ಹರಡಿಕೊಳ್ಳುತ್ತದೆ. ಅದೇ ರೇಣುಕಾಸಾಗರ.

ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಮಳೆಗಾಲದಲ್ಲಿ ನಾವೆಲ್ಲ ಪತ್ರಿಕೆಯಲ್ಲಿ ದಿನಾ ನೋಡುವ ಈ ಅಂಕಿಯನ್ನು ಲೀಟರಿಗೆ ತಿರುಗಿಸಿದರೆ ಒಂದು ಲಕ್ಷ ಕೋಟಿಗೂ ಮಿಕ್ಕುತ್ತದೆ. ದೇಶದ 140 ಕೋಟಿ ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ 760 ಲೀಟರ್. ಈ ನೀರಿಗಾಗಿ ರೈತರು ಬೀದಿಗಿಳಿದಿದ್ದಾರೆ, ರಾಜ್ಯಗಳು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿವೆ. ಇದರ ಪ್ರತಿ ಅಡಿಗೂ ಲೆಕ್ಕವಿದೆ. ನೀರಿನೊಳಗಿನ ಮೀನಿನ ಲೆಕ್ಕದ ಕಡೆ ಮಾತ್ರ ನಮ್ಮ ಕಣ್ಣು ಹೋಗುವುದೇ ಇಲ್ಲ.

ಭಾರತದ ಜಲಾಶಯಗಳ ಮೀನುಗಾರಿಕೆಯ ಅಂಕಿ ಅಂಶಗಳನ್ನು ಒಂದೆಡೆ ತಂದವರು ಮೀನುಗಾರಿಕೆ ವಿಜ್ಞಾನಿ ವಿ.ವಿ. ಸುಗುಣನ್. 1995ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಕಟಿಸಿದ ಅವರ ವರದಿ ಇಂದಿಗೂ ಈ ವಿಷಯದ ತಳಪಾಯ. ಅವರು ಕಂಡಂತೆ ದೇಶದ ಸಣ್ಣ ಜಲಾಶಯಗಳು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 50 ಕಿಲೊ ಮೀನು ಕೊಡುತ್ತಿದ್ದವು, 5,000 ಹೆಕ್ಟೇರಿಗಿಂತ ದೊಡ್ಡವು ಕೇವಲ 11.4 ಕಿಲೊ. ಎಕರೆಗೆ ಹೇಳುವುದಾದರೆ ನಾಲ್ಕೂವರೆ ಕಿಲೊ. ಇದೇ ಸರಾಸರಿಯನ್ನು ರೇಣುಕಾಸಾಗರಕ್ಕೆ ಹಾಕಿ ನೋಡಿ: ವರ್ಷಕ್ಕೆ 148 ಟನ್. ತುಂಬಿದ ಜಲಾಶಯದಲ್ಲಿ ಒಂದು ಕಿಲೊ ಮೀನಿನ ಪಾಲಿಗೆ 72 ಲಕ್ಷ ಲೀಟರ್ ನೀರು, ಅಂದರೆ 12,000 ಲೀಟರಿನ 600 ಟ್ಯಾಂಕರ್! ಸವದತ್ತಿಯ ಎರೆಭೂಮಿಯಲ್ಲಿ ಎಕರೆಗೆ ನಾಲ್ಕೂವರೆ ಕಿಲೊ ಜೋಳ ಬಂದರೆ ಯಾವ ರೈತನೂ ಸುಮ್ಮನೆ ಕೂರುವುದಿಲ್ಲ.

ದೊಡ್ಡ ನೀರು ಹೀಗೆ ಬಡವಾಗಲು ಕಾರಣಗಳಿವೆ. ಅಣೆಕಟ್ಟು ಕಟ್ಟಿದ ಮೇಲೆ ಮೊಟ್ಟೆಯಿಡಲು ಹೊಳೆಯಲ್ಲಿ ಮೇಲೇರಿ ಹೋಗುವ ಮೀನಿನ ದಾರಿ ಮುಚ್ಚಿತು. ಕಾಲುವೆಗೆ ನೀರು ಬಿಟ್ಟಂತೆಲ್ಲ ಅಂಚು ಹಿಂದೆ ಸರಿಯುತ್ತದೆ, ಮರಿಗಳು ಮೇಯುವ ಆಳವಿಲ್ಲದ ಜಾಗ ಒಣಗುತ್ತದೆ. ಹಾಗಾಗಿ ಹೊರಗಿನಿಂದ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಬಿಡಲೇಬೇಕು. ಎಷ್ಟು ಬಿಡಬೇಕು? ನಿಜವಾದ ಬೆರಗು ಇರುವುದು ಈ ಪ್ರಶ್ನೆಯಲ್ಲಿ.

ಹೆಕ್ಟೇರಿಗೆ 300 ಬಲಿತ ಮರಿ ಎಂದು ಹಿಡಿಯೋಣ. ಹದಿಮೂರು ಸಾವಿರ ಹೆಕ್ಟೇರಿಗೆ 39 ಲಕ್ಷ. ಬಲಿತ ಮರಿಯೆಂದರೆ ಬೆರಳಿಗಿಂತ ತುಸು ಉದ್ದ, ಹತ್ತು ಸೆಂಟಿಮೀಟರ್. ಅದಕ್ಕೂ ಹಿಂದಿನ ಹಂತ ಒಂದಿಂಚಿನ ಮರಿ, ಕೊಳದಲ್ಲಿ ಜೋಪಾನ ಮಾಡಿದರೆ ನೂರಕ್ಕೆ ಅರವತ್ತು ಉಳಿಯುತ್ತವೆ. ಹಾಗಾದರೆ 65 ಲಕ್ಷ ಬೇಕು. ಅದಕ್ಕೂ ಹಿಂದಿನದು ಮೊಟ್ಟೆಯೊಡೆದು ಮೂರು ದಿನವಾದ ಎಳೆಮರಿ. ಇದನ್ನು ಎಣಿಸುವುದಿಲ್ಲ, ಪುಟ್ಟ ಬಟ್ಟಲಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಲೀಟರಿಗೆ ಸುಮಾರು 500. ಹತ್ತಿರ ಹಿಡಿದು ನೋಡಿದರೆ ಗಾಜಿನ ಎಳೆಯಂಥ ಮೈಗೆ ಎರಡು ಕರಿ ಚುಕ್ಕೆ, ಅವೇ ಕಣ್ಣು. ಮೂರರಲ್ಲಿ ಒಂದು ಬದುಕುತ್ತದೆಂದರೆ ಇಂಥವು ಒಂದು ಕೋಟಿ 95 ಲಕ್ಷ ಬೇಕು. ಕೇಳಲು ಭಾರಿ ಸಂಖ್ಯೆ, ಅಳೆದರೆ 39 ಲೀಟರ್. ನಾಲ್ಕು ಕೊಡಗಳಲ್ಲಿ ಹಿಡಿಸುತ್ತದೆ!

ಇನ್ನೂ ಒಂದು ಮೆಟ್ಟಿಲು ಹಿಂದಕ್ಕೆ ಹೋಗೋಣ. ರೋಹು ತನ್ನ ತೂಕದ ಪ್ರತಿ ಕಿಲೊಗೆ ಎರಡು ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಅರ್ಧ ಕೆಟ್ಟವೆಂದು ಬಿಟ್ಟರೂ ಇಡೀ ರೇಣುಕಾಸಾಗರಕ್ಕೆ ಬೇಕಾದ ಮರಿಗೆ ಎರಡು ಕ್ವಿಂಟಲ್ ತಾಯಿಮೀನು ಸಾಕು. 1957ರ ಜುಲೈ 10ರಂದು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಒಡಿಶಾದಲ್ಲಿ ಚುಚ್ಚುಮದ್ದು ಕೊಟ್ಟು ಮೀನಿನಿಂದ ಮೊಟ್ಟೆ ಇಡಿಸಿದ ಮೇಲೆ ಇದು ಯಾವ ಮೀನು ಫಾರ್ಮಿನಲ್ಲೂ ಆಗುವ ಕೆಲಸ. ಆ ದಿನವನ್ನು ದೇಶ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ.

ಹಾಗಾದರೆ ಕೊರತೆ ಇರುವುದು ಮೊಟ್ಟೆಯದ್ದಲ್ಲ, ಮರಿ ಬಲಿಯುವ ಕೊಳದ್ದು. ಒಂದಿಂಚಿನ ಮರಿಯನ್ನು ಹೆಕ್ಟೇರಿಗೆ ಎರಡೂವರೆ ಲಕ್ಷದಂತೆ ಎರಡು ಮೂರು ತಿಂಗಳು ಸಾಕಿದರೆ 39 ಲಕ್ಷ ಬಲಿತ ಮರಿಗೆ 26 ಹೆಕ್ಟೇರ್ ಕೊಳ ಬೇಕು. ಜಲಾಶಯದ ಐನೂರರಲ್ಲಿ ಒಂದು ಪಾಲು. ಇಷ್ಟು ಜಾಗ, ಇಷ್ಟು ಕಾಲ ಕೊಡದೆ ಒಂದಿಂಚಿನದನ್ನೇ ನೀರಿಗೆ ಸುರಿದರೆ ಮರಿ ತಿನ್ನುವ ಬಾಳೆಮೀನು, ಕೊರವಗಳಿಗೆ ಹಬ್ಬ. ಕಾಗದದ ಮೇಲೆ ಮಾತ್ರ ಅದು ಚೆಂದ ಕಾಣುತ್ತದೆ: 39 ಲಕ್ಷ ಬಲಿತ ಮರಿಗಿಂತ 65 ಲಕ್ಷ ಸಣ್ಣ ಮರಿ ದೊಡ್ಡ ಸಾಧನೆಯಲ್ಲವೇ? ನನ್ನ ತಕರಾರು ಇರುವುದು ಇಲ್ಲೇ. ಬಿಟ್ಟ ಮರಿಯ ಸಂಖ್ಯೆಯಿಂದ ಯೋಜನೆಯನ್ನು ಅಳೆಯುವವರೆಗೆ, ಮೀನು ಕಡಿಮೆ ಕೊಡುವ ದಾರಿಯೇ ಹೆಚ್ಚು ಅಂಕ ಗಳಿಸುತ್ತಿರುತ್ತದೆ. 39 ಲಕ್ಷದಲ್ಲಿ ನೂರಕ್ಕೆ ಹತ್ತು ಒಂದೊಂದು ಕಿಲೊ ಬೆಳೆದು ಬಲೆಗೆ ಬಿದ್ದರೂ 390 ಟನ್, ಹೆಕ್ಟೇರಿಗೆ 30 ಕಿಲೊ. ಹಳೆಯ ಸರಾಸರಿಯ ಎರಡೂವರೆ ಪಟ್ಟು.

ಹಿಡಿದ ಮೀನಿನ ತೂಕವನ್ನೂ ಜಾಗ್ರತೆಯಿಂದ ಓದಬೇಕು. ಬರಗಾಲದಲ್ಲಿ ಜಲಾಶಯ ಕುಗ್ಗಿದಾಗ ಮೀನೆಲ್ಲ ಉಳಿದ ಮಡುವಿಗೆ ಒತ್ತರಿಸುತ್ತದೆ, ತೆಪ್ಪ ಇಳಿಸಿದವರ ಬಲೆ ತುಂಬುತ್ತದೆ. ನೋಡಿದವರು ಮೀನು ಹೆಚ್ಚಿದೆ ಎನ್ನುತ್ತಾರೆ, ಆದರೆ ಆಗ ಖಾಲಿಯಾಗುತ್ತಿರುವುದು ಮುಂದಿನ ವರ್ಷದ ಮೀನು. 2019ರ ಆಗಸ್ಟಿನಂತೆ ಗೇಟು ತೆರೆದು ರಾಮದುರ್ಗದ ಕಡೆ ಪ್ರವಾಹ ಬಿಟ್ಟಾಗ ಜಲಾಶಯದ ಮೀನೂ ಹೊಳೆಯ ಜೊತೆ ಇಳಿಯುತ್ತದೆ. ರಾಮದುರ್ಗದಲ್ಲಿ ಹಿಡಿದದ್ದನ್ನು ಸವದತ್ತಿಯ ಲೆಕ್ಕದೊಂದಿಗೆ ಸೇರಿಸಿ ನೋಡದಿದ್ದರೆ ಎರಡೂ ತಪ್ಪುತ್ತವೆ. ತುಂಬಿದ ಬಲೆಯನ್ನು ನಂಬಿ ಮೋಸಹೋದವರು ಬೇರೆಡೆಯೂ ಇದ್ದಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನು ಗುಂಪುಗೂಡಿ ಕೊನೆಯತನಕ ಬಲೆಗೆ ಬೀಳುತ್ತಲೇ ಇತ್ತು. 1992ರ ಜುಲೈನಲ್ಲಿ ಸರ್ಕಾರ ಮೀನುಗಾರಿಕೆ ನಿಲ್ಲಿಸಿದಾಗ ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು.

ನಮಗೆ ಬೇಕಾದ ಪುರಾವೆ ದುಬಾರಿಯದಲ್ಲ. ದಡಕ್ಕೆ ಬಂದ ಮೀನಿನ ಜಾತಿ, ಉದ್ದ, ತೂಕ, ಎಷ್ಟು ಬಲೆಗೆ ಬಂತು, ಬಲೆಯ ಕಣ್ಣು ಎಷ್ಟು ಅಗಲ, ಅಂದಿನ ನೀರಿನ ಮಟ್ಟ. ಕಾಟ್ಲಾದ ಒಂದು ಹುರುಪೆಯನ್ನು ಭೂತಗನ್ನಡಿಯ ಕೆಳಗಿಟ್ಟರೆ ಸುತ್ತುಸುತ್ತಾದ ಗೆರೆಗಳು ಕಾಣುತ್ತವೆ. ಚೆನ್ನಾಗಿ ಬೆಳೆದ ಕಾಲದಲ್ಲಿ ಬಿಡಿಬಿಡಿ, ಬೆಳವಣಿಗೆ ನಿಂತ ಕಾಲದಲ್ಲಿ ಒತ್ತೊತ್ತು. ಮೀನಿನ ವಯಸ್ಸು ಅದರ ಮೈಮೇಲೆಯೇ ಬರೆದಿದೆ. ಒಳನಾಡು ಮೀನುಗಾರಿಕೆಗೆಂದೇ ರಾಜ್ಯದಲ್ಲಿ 1996ರ ಕಾಯ್ದೆ ಇದೆ, ಮೀನುಗಾರರ ಸಹಕಾರ ಸಂಘಗಳಿವೆ. ತೂಕದ ಪುಸ್ತಕವೊಂದನ್ನು ಆ ಸಂಘಗಳ ಕೈಗೆ ಕೊಟ್ಟು, ಬರೆಯುವ ಕೆಲಸಕ್ಕೆ ಕೂಲಿಯನ್ನೂ ಕೊಡಬೇಕು. ಆ ನೀರನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ?

ಮುಂದಿನ ಮಳೆಗಾಲದಲ್ಲಿ ನಿಮ್ಮೂರ ಕೆರೆಗೋ ಜಲಾಶಯಕ್ಕೋ ಇಷ್ಟು ಲಕ್ಷ ಮರಿ ಬಿಟ್ಟೆವೆಂಬ ಸುದ್ದಿ ಓದಿದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಿ: ಮರಿ ಎಷ್ಟು ಉದ್ದವಿತ್ತು, ಹಿಂದಿನ ಸಲ ಬಿಟ್ಟದ್ದರಲ್ಲಿ ಎಷ್ಟು ಕಿಲೊ ದಡಕ್ಕೆ ಬಂತು?